ಮೂಲ ಪ್ರತಿ ಮನೆಯಲ್ಲೇ ಇರಲಿ: ವಂಶವೃಕ್ಷವನ್ನು ಕಂಪ್ಯೂಟರಿಗೆ ಹಾಕಿದ ನನ್ನ ಅನುಭವ

ನಮ್ಮ ಮಂಡ್ಯದ ಕಡೆ ವಂಶವೃಕ್ಷ ಅಂದರೆ ಮೊದಲು ನೆನಪಾಗುವುದು ನಾಡಕಚೇರಿ. ಮನೆಯ ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆ ಆಗಬೇಕು, ಪಹಣಿಯಲ್ಲಿ ಮಕ್ಕಳ ಹೆಸರು ಬರಬೇಕು ಅಂದರೆ ಆ ಕಾಗದ ಬೇಕೇ ಬೇಕು. ಹಾಗಾಗಿ ಯಾರಾದರೂ ನೋಟ್‌ಬುಕ್ ಹಿಡಿದು ಬಂದು ತಾತನ ಹೆಸರೇನು, ಅವರಿಗೆ ಎಷ್ಟು ಜನ ಮಕ್ಕಳು ಅಂತ ಕೇಳಿದರೆ ಊರಿನವರು ಹುಷಾರಾಗುತ್ತಾರೆ. ಮದುವೆಯಾಗಿ ಮೈಸೂರು ಸೇರಿದ ಮಗಳು ಕೇಳಿದರಂತೂ ಮುಗಿದೇ ಹೋಯಿತು. "ಏನವ್ವ, ಭಾಗ ಕೇಳೋಕೆ ಬಂದ್ಯಾ?" ಅಂತ ನನ್ನ ದೊಡ್ಡಪ್ಪ ನಗುತ್ತಾ ಕೇಳಿದರು. ಅದು ಪೂರ್ತಿ ತಮಾಷೆ ಆಗಿರಲಿಲ್ಲ. ಭಾಗ ಬೇಡ ದೊಡ್ಡಪ್ಪ, ಹೆಸರು ಕೊಡಿ ಸಾಕು ಅಂದೆ.

ನನ್ನ ತವರು ಪಾಂಡವಪುರ ತಾಲ್ಲೂಕು. ಅಪ್ಪನ ಪೆಟ್ಟಿಗೆಯಲ್ಲಿದ್ದ ಹಳೇ ವಂಶವೃಕ್ಷದಲ್ಲಿ ಗಂಡುಮಕ್ಕಳು ಮಾತ್ರ ಇದ್ದರು. ಸೋದರತ್ತೆಯರು ಯಾರೂ ಇಲ್ಲ. ಆಗ ಅವರಿಗೆ ಜಮೀನಿನಲ್ಲಿ ಪಾಲಿರಲಿಲ್ಲ, ಅದಕ್ಕೇ ಹೆಸರೂ ಇಲ್ಲ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳು ಈ ಕಾಗದಕ್ಕೆ ಬಂದರು. ಎಳೇ ಮಕ್ಕಳಾಗಿದ್ದಾಗಲೇ ತೀರಿಕೊಂಡವರು ಈಗಲೂ ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಎಲ್ಲರೂ ಇರುವ ಮರ.

ಊರಿಗೆ ಹೆಳವರು ಬರುತ್ತಿದ್ದ ಕಾಲ ನನಗೆ ಗೊತ್ತು. ಎತ್ತಿನ ಜೊತೆ ಬಂದು, ಜಗಲಿ ಮೇಲೆ ಕೂತು, ಮನೆತನದ ತಲೆಮಾರುಗಳನ್ನು ಒಂದೊಂದಾಗಿ ಹೇಳಿ, ದವಸ ಪಡೆದು ಹೋಗುತ್ತಿದ್ದರು. ಈಗ ನಮ್ಮ ಕಡೆ ಬರುವುದು ನಿಂತಿದೆ. ಅವರು ಹೇಳಿದ್ದನ್ನು ದೊಡ್ಡಪ್ಪ ಒಂದು ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದರು. ಭಾಗದ ಅನುಮಾನ ಹೋದ ಮೇಲೆ ಅದನ್ನು ತೋರಿಸಿದರು.

ಸಾಫ್ಟ್‌ವೇರ್ ಆರಿಸುವ ಮೊದಲು ನಾನು ಒಂದು ತೀರ್ಮಾನ ಮಾಡಿಕೊಂಡಿದ್ದೆ. ಮೂಲ ಪ್ರತಿ ನನ್ನ ಕಂಪ್ಯೂಟರಿನಲ್ಲಿ ಇರಬೇಕು, ಆನ್‌ಲೈನ್‌ನಲ್ಲಿ ಇರುವುದೆಲ್ಲ ಅದರ ನಕಲು. ಕಟ್ಟೆಯಿಂದ ನಾಲೆಗೆ ನೀರು ಹರಿಯಬೇಕೇ ಹೊರತು, ನಾನು ನೋಡಿ ಒಪ್ಪದೆ ನಾಲೆಯಿಂದ ಕಟ್ಟೆಗೆ ಬರಬಾರದು. ಇದನ್ನು ಇತ್ಯರ್ಥ ಮಾಡಿಕೊಳ್ಳದೆ ಸಿಂಕ್ ಬಟನ್, ಅಂದರೆ ಎರಡು ಕಡೆಯ ಪ್ರತಿಗಳನ್ನು ಒಂದೇ ಥರ ಮಾಡುವ ಬಟನ್, ಒತ್ತಿದವರ ಪಾಡನ್ನು ನಮ್ಮ ನೆಂಟರಲ್ಲೇ ನೋಡಿದ್ದೇನೆ. ಫೋನಿನಲ್ಲಿ ಒಂದು ಮರ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು, ವೆಬ್‌ಸೈಟಿನಲ್ಲಿ ಮತ್ತೊಂದು. ಯಾವುದು ಸರಿ ಅಂತ ಬರೆದವರಿಗೂ ಗೊತ್ತಿರುವುದಿಲ್ಲ.

ನಾನು ಹಿಡಿದದ್ದು ಗ್ರ್ಯಾಂಪ್ಸ್. ಕಾಸಿಲ್ಲದ, ಮುಕ್ತ ತಂತ್ರಾಂಶ. 2001ರಿಂದ ಬೆಳೆಯುತ್ತಾ ಬಂದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನೋಡೋಕೆ ಸ್ವಲ್ಪ ಒರಟು. ಚೆಂದದ ಚಿತ್ರ, ಬಣ್ಣ ಬೇಕು ಅನ್ನುವವರಿಗೆ ಮೊದಲ ವಾರವೇ ಬೇಸರ ಬರಬಹುದು. ಆದರೆ ನಮ್ಮ ಕಡೆಯ ಹೆಸರು, ಊರು, ದಿನಾಂಕಗಳ ತರಲೆಗೆಲ್ಲ ಅದರಲ್ಲಿ ಜಾಗ ಇದೆ. ಅದಕ್ಕೇ ಉಳಿಸಿಕೊಂಡೆ. ಅಮೆರಿಕದಲ್ಲಿರುವ ನಮ್ಮವರೊಬ್ಬರು ಫ್ಯಾಮಿಲಿ ಟ್ರೀ ಮೇಕರ್ ಇಟ್ಟುಕೊಂಡಿದ್ದಾರೆ. ಅದು ಆನ್ಸೆಸ್ಟ್ರಿ ಅನ್ನೋ ವಂಶವೃಕ್ಷದ ವೆಬ್‌ಸೈಟ್ ಜೊತೆ ಸಿಂಕ್ ಆಗುತ್ತದೆ, ಒಳ್ಳೆಯ ತಂತ್ರಾಂಶವೇ. ಆದರೆ ದುಡ್ಡು ಕೊಡಬೇಕು. ಅಲ್ಲಿನ ದಾಖಲೆಗಳ ರಾಶಿಯಿಂದ ಪಾಂಡವಪುರದ ರೈತರ ಮನೆಗೆ ಸಿಗುವುದು ಕಮ್ಮಿ.

ಹೆಸರಿನ ವಿಷಯ ಹೇಳಲೇಬೇಕು. ಈ ತಂತ್ರಾಂಶಗಳೆಲ್ಲ ಮನೆತನದ ಹೆಸರು ಕೇಳುತ್ತವೆ. ನಮಗೆ ಇರುವುದು ಇನಿಶಿಯಲ್. ಆ ಜಾಗ ಖಾಲಿ ಬಿಟ್ಟರೆ ಪಟ್ಟಿಯಲ್ಲಿ ನೂರಾರು ಜನ ಒಂದೇ ಗುಂಪಿನಲ್ಲಿ ಬಿದ್ದಿರುತ್ತಾರೆ. ಊರಲ್ಲಿ ಎಲ್ಲ ಮನೆಗೂ ಒಂದು ಕರೆಯುವ ಹೆಸರು ಇರುತ್ತದಲ್ವಾ, ಪಟೇಲರ ಮನೆ, ಬಾವಿ ಮನೆ, ಮೇಲಿನ ಮನೆ ಅಂತ? ಅದನ್ನೇ ಅಲ್ಲಿ ಹಾಕಿದೆ. ಒಂದೇ ಊರಲ್ಲಿ ನಾಲ್ಕು ನಿಂಗೇಗೌಡರು ಇದ್ದರೂ ಬೇರೆ ಬೇರೆ ಕಾಣುತ್ತಾರೆ. ಮನೆದೇವರನ್ನು ಪ್ರತ್ಯೇಕ ಗುಣಲಕ್ಷಣವಾಗಿ ಸೇರಿಸಿದೆ. ಎರಡು ಮನೆ ಒಂದೇ ಒಕ್ಕಲೋ ಅಲ್ಲವೋ ಅನ್ನೋ ಅನುಮಾನ ಬಂದಾಗ ಅದು ಬಹಳ ಸಲ ದಾರಿ ತೋರಿಸಿದೆ. ಹೆಂಗಸರಿಗೆ ತವರಿನ ಹೆಸರೇ ಮುಖ್ಯ ಹೆಸರು. ಮದುವೆಯಾದ ಮೇಲಿನದು ಪರ್ಯಾಯ ಹೆಸರು. ಎಲ್ಲರ ಹೆಸರನ್ನೂ ಕನ್ನಡದಲ್ಲಿ ಬರೆದು, ಇಂಗ್ಲಿಷ್ ಅಕ್ಷರದ ರೂಪವನ್ನೂ ಪರ್ಯಾಯವಾಗಿ ಸೇರಿಸಿದೆ. ಪರದೇಶದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡ ಓದೋಕೆ ಬರುವುದಿಲ್ಲ, ಅವರು ಹುಡುಕುವುದು ಇಂಗ್ಲಿಷಿನಲ್ಲೇ.

ದಿನಾಂಕ ಇನ್ನೂ ಮಜಾ. ನಮ್ಮ ಹಿರಿಯರ ಅರ್ಧಕ್ಕರ್ಧ ಹುಟ್ಟಿದ ದಿನಗಳು ಮೇಷ್ಟ್ರು ಶಾಲೆಗೆ ಸೇರಿಸಿಕೊಂಡಾಗ ಬರೆದುಕೊಂಡವು. ಹಾಗಾಗಿ ಅಂಕಪಟ್ಟಿಯ ದಿನಾಂಕಕ್ಕೆ ನಾನು 'ದಾಖಲೆ ಪ್ರಕಾರ' ಅಂತ ಟಿಪ್ಪಣಿ ಹಾಕುತ್ತೇನೆ, ಬಾಯಿಮಾತಿನದನ್ನು ಬೇರೆ ಇಡುತ್ತೇನೆ. ಜಾತಕ ಸಿಕ್ಕರೆ ಸಂವತ್ಸರದ ಲೆಕ್ಕ. ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ಹಾಗಾಗಿ ಆಂಗೀರಸ ಅಂದರೆ 1932 ಆಗಬಹುದು, 1872 ಕೂಡ ಆಗಬಹುದು. ವರ್ಷ ಶುರುವಾಗುವುದು ಯುಗಾದಿಗೆ. ಆಂಗೀರಸದ ಮಾಘ ಮಾಸದಲ್ಲಿ ಹುಟ್ಟಿದವರು ಇಂಗ್ಲಿಷ್ ಲೆಕ್ಕದಲ್ಲಿ 1933ಕ್ಕೆ ಬರುತ್ತಾರೆ. ಗ್ರ್ಯಾಂಪ್ಸ್‌ನಲ್ಲಿ ಹಲವು ದೇಶದ ಪಂಚಾಂಗಗಳಿವೆ, ನಮ್ಮ ಸಂವತ್ಸರ ಇಲ್ಲ. ಜಾತಕದಲ್ಲಿ ಇದ್ದಂತೆಯೇ ಟಿಪ್ಪಣಿಯಲ್ಲಿ ಬರೆದು, ದಿನಾಂಕದ ಜಾಗದಲ್ಲಿ '1932 ಮತ್ತು 1933ರ ನಡುವೆ' ಅಂತ ಕೊಡುತ್ತೇನೆ. ಕಿರಿ ಸೋದರತ್ತೆಗೆ ಜಾತಕವೂ ಇಲ್ಲ, ಅಂಕಪಟ್ಟಿಯೂ ಇಲ್ಲ. "ಶಿವಪುರದಲ್ಲಿ ಬಾವುಟ ಹಾರಿಸಿದಾಗ ನಾನು ಹೊಟ್ಟೇಲಿದ್ದೆನಂತೆ" ಅಂದರು. ಮದ್ದೂರಿನ ಶಿವಪುರದ ಧ್ವಜ ಸತ್ಯಾಗ್ರಹ ನಡೆದದ್ದು 1938ರ ಏಪ್ರಿಲ್. ನಾಡಕಚೇರಿಯ ಯಾವ ಕಾಗದಕ್ಕಿಂತ ಇದು ಗಟ್ಟಿ ಅಂತ ನನ್ನ ಲೆಕ್ಕ. ಆದರೆ "ಪ್ಲೇಗು ಬಂದ ವರ್ಷ" ಅಂದರೆ ನಂಬಬೇಡಿ. ಮೈಸೂರು ಸೀಮೆಗೆ 1898ರಲ್ಲಿ ಕಾಲಿಟ್ಟ ಪ್ಲೇಗು ಆಮೇಲೆ ಎಷ್ಟೋ ವರ್ಷ ಮತ್ತೆ ಮತ್ತೆ ಬಂತು.

ಊರುಗಳ ಕಥೆ ಕೇಳಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ಅದಕ್ಕೆ ಮೊದಲು ಎಲ್ಲ ಮೈಸೂರು ಜಿಲ್ಲೆ. ಪಾಂಡವಪುರ ಹಳೇ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್, ಹಿರಿಯರ ಬಾಯಲ್ಲಿ ಹಿರೋಡೆ. ನಮ್ಮ ಮುತ್ತಾತನ ಊರು ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿತು. 1911ರಲ್ಲಿ ಕೆಲಸ ಶುರುವಾಗಿ ನೀರು ಏರುತ್ತಾ ಬಂದಂತೆ ಜನ ಬೇರೆ ಕಡೆ ಹೋಗಿ ಅದೇ ಹೆಸರಿನ ಹೊಸ ಊರು ಕಟ್ಟಿಕೊಂಡರು. ವೆಬ್‌ಸೈಟುಗಳಲ್ಲಿ ಊರಿನ ಹೆಸರು ಟೈಪ್ ಮಾಡಿದರೆ ಈಗಿನ ಊರು ತಾನಾಗಿ ಬಂದು ಕೂರುತ್ತದೆ, ಮುತ್ತಾತ ಹುಟ್ಟಿದ್ದು ಅಲ್ಲಲ್ಲ. ಗ್ರ್ಯಾಂಪ್ಸ್‌ನಲ್ಲಿ ಊರು ಅನ್ನೋದೇ ಒಂದು ಪ್ರತ್ಯೇಕ ದಾಖಲೆ. ಅದಕ್ಕೆ ಹಲವು ಹೆಸರು ಕೊಡಬಹುದು, ಒಂದೊಂದಕ್ಕೂ ಕಾಲ ಹಾಕಬಹುದು, ಇಂಥ ವರ್ಷದವರೆಗೆ ಈ ಜಿಲ್ಲೆ, ಆಮೇಲೆ ಆ ಜಿಲ್ಲೆ ಅಂತಲೂ ಹೇಳಬಹುದು. ಹಳೇ ಊರು, ಹೊಸ ಊರು ಎರಡನ್ನೂ ಬೇರೆ ಬೇರೆ ಮಾಡಿದೆ. ನನಗೆ ಅತಿ ಹೆಚ್ಚು ಸಮಯ ಹಿಡಿದದ್ದು ಈ ಕೆಲಸ, ಅತಿ ಹೆಚ್ಚು ಖುಷಿ ಕೊಟ್ಟದ್ದೂ ಇದೇ.

ಮಾಹಿತಿ ಎಲ್ಲಿಂದ ಅಂತ ಕೇಳುತ್ತಾರೆ. ಲಗ್ನಪತ್ರಿಕೆ ಮತ್ತು ತಿಥಿ ಕಾರ್ಡು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಇಡೀ ಒಂದು ತಲೆಮಾರು ಇರುತ್ತದೆ. ತಿಥಿ ಕಾರ್ಡಿನಲ್ಲಿ ತೀರಿಕೊಂಡ ದಿನ ಪಕ್ಕಾ ಸಿಗುತ್ತದೆ. ಒಂದೊಂದರ ಫೋಟೋ ತೆಗೆದು ಆಯಾ ಘಟನೆಗೆ ಆಧಾರವಾಗಿ ಜೋಡಿಸಿದೆ. ಹದಿನೈದು ಇಪ್ಪತ್ತು ವರ್ಷದ ಹಿಂದೆ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿಟ್ಟ ಪಟ್ಟಿ ಇದ್ದರೆ ಸುಮ್ನೆ ಕಾಪಿ ಮಾಡಿ ಹಾಕಬೇಡಿ. ಹಳೇ ಫಾಂಟಿನದು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ಮೊದಲು ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಇನ್ನು ಜೋಡಣೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಮೊದಲೇ ಮೈಹೆರಿಟೇಜ್ ಅನ್ನೋ ವಂಶವೃಕ್ಷದ ವೆಬ್‌ಸೈಟಿನಲ್ಲಿ ಒಂದು ಮರ ಮಾಡಿದ್ದ. ಅದರ ಫ್ಯಾಮಿಲಿ ಟ್ರೀ ಬಿಲ್ಡರ್ ಅನ್ನೋ ತಂತ್ರಾಂಶ ಉಚಿತ, ವೆಬ್‌ಸೈಟಿನ ಜೊತೆ ಸಿಂಕ್ ಆಗುತ್ತದೆ. ಆದರೆ ಉಚಿತ ಖಾತೆಗೆ 250 ಜನರ ಮಿತಿ ಇತ್ತು. ನಮ್ಮ ಕಡೆ ಮೂರು ತಲೆಮಾರಿಗೇ ಅದು ಮುಗಿಯಿತು. ಅವನ ಮರವನ್ನು ಜೆಡ್‌ಕಾಮ್ ಕಡತವಾಗಿ ಇಳಿಸಿಕೊಂಡೆವು. ಬೇರೆ ಬೇರೆ ತಂತ್ರಾಂಶಗಳ ನಡುವೆ ವಂಶವೃಕ್ಷ ಸಾಗಿಸೋಕೆ 1984ರಲ್ಲಿ ಅಮೆರಿಕದ ಮಾರ್ಮನ್ ಚರ್ಚಿನವರು ರೂಪಿಸಿದ ಮಾದರಿ ಅದು. 2021ರಲ್ಲಿ 7.0 ಆವೃತ್ತಿ ಬಂದಿದೆ, ಆದರೆ ಚಾಲ್ತಿಯಲ್ಲಿ ಜಾಸ್ತಿ ಸಿಗುವುದು ಇನ್ನೂ 5.5.1. ಇಳಿಸಿಕೊಳ್ಳುವಾಗ ಅಕ್ಷರಗಳ ಸಂಕೇತ ಯುಟಿಎಫ್-8 ಅಂತ ಆರಿಸಬೇಕು, ಇಲ್ಲದಿದ್ದರೆ ಕನ್ನಡ ಇದ್ದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. 5.5.1ರಲ್ಲಿ ಫೋಟೋ ಬರುವುದಿಲ್ಲ, ಫೋಟೋ ಎಲ್ಲಿದೆ ಅನ್ನೋ ವಿಳಾಸ ಮಾತ್ರ ಬರುತ್ತದೆ. ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ತರಿಸಿಕೊಂಡೆ. ವಾಟ್ಸಾಪಿನಲ್ಲಿ ಕಳಿಸಿದರೆ ಹಳೇ ಫೋಟೋಗಳ ಮುಖವೇ ಹೋಗಿಬಿಡುತ್ತದೆ.

ಅವನ ಕಡತವನ್ನು ನೇರವಾಗಿ ನನ್ನ ಮರಕ್ಕೆ ಸುರಿಯಲಿಲ್ಲ. ಮೊದಲು ಖಾಲಿ ಮರವೊಂದರಲ್ಲಿ ತೆರೆದು ನೋಡಿದೆ. ಜೆಡ್‌ಕಾಮ್ ಆಮದು ಮಾಡಿದಾಗ ತಂತ್ರಾಂಶ ಎಲ್ಲರನ್ನೂ ಹೊಸಬರು ಅಂತಲೇ ತಿಳಿಯುತ್ತದೆ. ಒಂದೇ ಕಡತವನ್ನು ಎರಡು ಸಲ ಹಾಕಿದರೆ ಇಡೀ ವಂಶ ಎರಡಾಗುತ್ತದೆ. ನೋಡಿ ತೃಪ್ತಿಯಾದ ಮೇಲೆ ಬ್ಯಾಕಪ್ ತೆಗೆದು, ಒಂದೇ ಸಲ ಆಮದು ಮಾಡಿ, ನಕಲುಗಳನ್ನು ಹುಡುಕುವ ಉಪಕರಣ ಓಡಿಸಿದೆ. ಅದು ತಾತ ಮೊಮ್ಮಗ ಇಬ್ಬರನ್ನೂ ತೋರಿಸಿ ಇವರು ಒಬ್ಬರೇನಾ ಅಂತ ಕೇಳುತ್ತದೆ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವುದು ಅದಕ್ಕೆಲ್ಲಿ ಗೊತ್ತು? ಒಬ್ಬೊಬ್ಬರನ್ನೇ ನೋಡಿ ಒಪ್ಪಬೇಕು. ಇನ್ನೊಂದು ಗಂಟು ಸೋದರಮಾವನ ಮದುವೆ. ನಮ್ಮ ಅಜ್ಜಿಯನ್ನು ಅವರ ಸೋದರಮಾವನಿಗೇ ಕೊಟ್ಟಿದ್ದರು. ಅಂದರೆ ಅಜ್ಜಿಯ ತಾಯಿಯ ಅಪ್ಪ ಅಮ್ಮನೇ ಅಜ್ಜಿಗೆ ಅತ್ತೆ ಮಾವ. ಅಣ್ಣನ ಮಗನ ಮರದಲ್ಲಿ ಆ ದಂಪತಿ ಎರಡು ಕಡೆ ಬೇರೆ ಬೇರೆ ಜನರಾಗಿ ಕೂತಿದ್ದರು. ಅವರನ್ನು ವಿಲೀನ ಮಾಡಿದೆ. ಈಗಲೂ ಚಿತ್ರದಲ್ಲಿ ಎರಡು ಸಲ ಕಾಣುತ್ತಾರೆ. ಅದು ಸರಿಯೇ, ದಾಖಲೆ ಮಾತ್ರ ಒಂದೇ ಇರಬೇಕು.

ಆನ್‌ಲೈನ್ ನಕಲಿಗೆ ನಾವು ಬಳಸುವುದು ಗ್ರ್ಯಾಂಪ್ಸ್ ವೆಬ್, ಗ್ರ್ಯಾಂಪ್ಸ್‌ನ ಮರವನ್ನು ಬ್ರೌಸರಿನಲ್ಲಿ ತೆರೆಯೋಕೆ ಇರುವ ತಂತ್ರಾಂಶ. ಸರ್ವರ್ ಮೇಲೆ ಕೂರಿಸುವ ಕೆಲಸ ನನ್ನದಲ್ಲ, ಕಂಪ್ಯೂಟರ್ ಓದಿದ ಅಣ್ಣನ ಮಗನದು. ಮೈಸೂರಿನಲ್ಲೇ ಇರುವ ನನ್ನ ತಮ್ಮನ ಮಗಳು ಫೋನಿನಲ್ಲೇ ಅದನ್ನು ತೆರೆದು ಮದುವೆ ಮನೆಯಲ್ಲೇ ಕೂತು ಹೆಸರು ಸೇರಿಸುತ್ತಾಳೆ. ನಾನು ಮನೆಯಲ್ಲಿ ಗ್ರ್ಯಾಂಪ್ಸ್‌ನ ಸಿಂಕ್ ಜೋಡಣೆ ಓಡಿಸಿದರೆ ಎರಡೂ ಕಡೆಯದನ್ನು ಹೋಲಿಸಿ, ಏನು ಹೊಸದು, ಏನು ಬದಲಾಗಿದೆ, ಏನು ಅಳಿಸಿದೆ ಅಂತ ಪಟ್ಟಿ ಕೊಡುತ್ತದೆ. ಒಪ್ಪಿಗೆ ಕೊಟ್ಟ ಮೇಲೆಯೇ ಬದಲಾವಣೆ. ಈ ಪಟ್ಟಿ ಓದದೆ ಮುಂದೆ ಹೋಗಬಾರದು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಹೆಸರು ಇಲ್ಲಿ ಹೊಸದಾಗಿ ಬಂದದ್ದೋ, ಅಲ್ಲಿ ಅಳಿಸಿದ್ದೋ? ಹಿಂದಿನ ಸಿಂಕ್ ಯಾವಾಗ ಆಯಿತು ಅನ್ನೋದನ್ನು ಇಟ್ಟುಕೊಂಡು ಅದು ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಸರಿಯಾಗಿರುತ್ತದೆ. ಆದರೂ ಅಳಿಸಿದವರ ಸಾಲನ್ನು ನಾನು ಬೆರಳಿಟ್ಟು ಓದುತ್ತೇನೆ. ನಮ್ಮಿಬ್ಬರ ಕರಾರು ಇಷ್ಟೆ: ಅವಳು ಹೊಸಬರನ್ನು ಸೇರಿಸಬಹುದು, ಇದ್ದವರನ್ನು ತಿದ್ದುವುದಿದ್ದರೆ ನನಗೆ ಒಂದು ಫೋನು. ಕೆಲಸಕ್ಕೆ ಕೂರುವ ಮೊದಲು ಒಮ್ಮೆ ಸಿಂಕ್, ಎದ್ದ ಮೇಲೆ ಒಮ್ಮೆ.

ದೊಡ್ಡ ವೆಬ್‌ಸೈಟುಗಳಿಗೆ ಮಾತ್ರ ಒಮ್ಮುಖ. ಫ್ಯಾಮಿಲಿಸರ್ಚ್ ಉಚಿತ. ಆದರೆ ಅಲ್ಲಿ ಲೋಕಕ್ಕೆಲ್ಲ ಒಂದೇ ಮರ. ತೀರಿಹೋದವರ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ಮುತ್ತಾತನ ತಲೆಮಾರಿನವರೆಗೆ ಅಲ್ಲಿ ಹಾಕಿದ್ದೇನೆ, ಬೇರೆ ಕವಲಿನವರು ಯಾರಾದರೂ ಸಿಗಲಿ ಅಂತ. ಅಲ್ಲಿಂದ ಏನನ್ನೂ ನೇರವಾಗಿ ಒಳಗೆ ತಂದುಕೊಳ್ಳುವುದಿಲ್ಲ. ಯಾರಾದರೂ ಏನಾದರೂ ಬದಲಾಯಿಸಿದ್ದರೆ, ಆಧಾರ ನೋಡಿ ಕೈಯಾರೆ ಬರೆದುಕೊಳ್ಳುತ್ತೇನೆ.

ಬದುಕಿರುವವರ ವಿಷಯದಲ್ಲಿ ನಾನು ಬಿಗಿ. ತಾಯಿಯ ತವರಿನ ಹೆಸರು, ಹುಟ್ಟಿದ ದಿನ ಇವೆಲ್ಲ ಬ್ಯಾಂಕಿನವರು ಗುರುತಿಗೆ ಕೇಳುವ ವಿವರಗಳು. ಹೊರಗೆ ಕೊಡುವ ಕಡತದಲ್ಲಿ ಬದುಕಿರುವವರನ್ನು ಬಿಟ್ಟು ರಫ್ತು ಮಾಡುವ ಆಯ್ಕೆ ಗ್ರ್ಯಾಂಪ್ಸ್‌ನಲ್ಲಿ ಇದೆ. ಕೆಲವು ದಾಖಲೆಗಳಿಗೆ ಖಾಸಗಿ ಅಂತ ಬೀಗದ ಗುರುತು ಹಾಕಿದ್ದೇನೆ. ಗ್ರ್ಯಾಂಪ್ಸ್ ವೆಬ್‌ಗೆ ಅತಿಥಿಯಾಗಿ ಬರುವ ನೆಂಟರಿಗೆ ಅವು ಕಾಣುವುದಿಲ್ಲ. ಮೊದಲ ಹೆಂಡತಿ ಇದ್ದದ್ದು, ದತ್ತು ಹೋದದ್ದು, ಮನೆ ಬಿಟ್ಟು ಹೋದವರು. ಇವು ಮರದಲ್ಲಿ ಇರಲೇಬೇಕು ಅನ್ನುವುದು ನನ್ನ ಹಟ. ಎಲ್ಲರಿಗೂ ಕಾಣಲೇಬೇಕು ಅನ್ನುವ ಹಟ ಇಲ್ಲ. ಹಿರಿ ಸೋದರತ್ತೆ ಕೈತಪ್ಪಿದ ತನ್ನ ಎರಡು ಕೂಸುಗಳ ಹೆಸರು ಹೇಳಿ, "ಬರ್ಕೊ, ಆದ್ರೆ ನನ್ನ ಸೊಸೆಯರ ಮುಂದೆ ಓದಬೇಡ" ಅಂದಿದ್ದರು. ಅದಕ್ಕೂ ಬೀಗ ಹಾಕಿದೆ.

ಊರ ಹಬ್ಬಕ್ಕೆ ಹೋಗುವಾಗ ಮರವನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಪಡಸಾಲೆಯ ಗೋಡೆಗೆ ಅಂಟಿಸಿದೆ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ವೆಬ್‌ಸೈಟ್ ತೆರೆಯದವರೂ ಅಲ್ಲಿ ನಿಂತು ತಿದ್ದಿದರು. ಜಗಳವೂ ಆಯಿತು, ಯಾರು ಹಿರಿಯರು ಅಂತ. ಎರಡೂ ಕಡೆಯ ಮಾತನ್ನು ಬರೆದುಕೊಂಡೆ. ಒಂದೇ ಘಟನೆಯನ್ನು ಎರಡು ಸಲ ದಾಖಲಿಸಿ, ಒಂದೊಂದಕ್ಕೂ ಅದರದರ ದಿನಾಂಕ, ಆಧಾರ ಇಡೋದಕ್ಕೆ ತಂತ್ರಾಂಶದ ಅಡ್ಡಿಯೇನೂ ಇಲ್ಲ.

ಬ್ಯಾಕಪ್ಪನ್ನು ಫೋಟೋ ಸಮೇತ ಒಂದೇ ಕಡತವಾಗಿ ತೆಗೆದು, ಕಡತದ ಹೆಸರಿನಲ್ಲಿ ದಿನಾಂಕ ಹಾಕಿ, ಎರಡು ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಒಂದು ಮೈಸೂರಿನಲ್ಲಿ, ಇನ್ನೊಂದು ಊರಲ್ಲಿ. ಜೆಡ್‌ಕಾಮ್ ಪ್ರತಿಯೂ ಜೊತೆಗಿರುತ್ತದೆ, ಮುಂದೆ ಗ್ರ್ಯಾಂಪ್ಸ್ ಇಲ್ಲದಿದ್ದರೂ ಬೇರೆ ಯಾವುದಾದರೂ ಅದನ್ನು ತೆರೆಯುತ್ತದೆ. ಗ್ರ್ಯಾಂಪ್ಸ್ ವೆಬ್‌ನಲ್ಲಿ ಯಜಮಾನಿಕೆಯ ಹಕ್ಕನ್ನು ತಮ್ಮನ ಮಗಳಿಗೂ ಕೊಟ್ಟಾಗಿದೆ. ಪಾಸ್‌ವರ್ಡ್ ಬರೆದ ಚೀಟಿ ಎಲ್ಲಿದೆ ಅಂತ ಅವಳಿಗೆ ಗೊತ್ತು. ಮೊನ್ನೆ ಬಂದವಳು ದೊಡ್ಡಪ್ಪನ ಲೆಕ್ಕದ ಪುಸ್ತಕವನ್ನೂ ಸ್ಕ್ಯಾನ್ ಮಾಡಬೇಕು ಅಂತ ಹಾಳೆ ಬಿಡಿಸುತ್ತಾ ಕೂತಿದ್ದಳು.