ಅಪ್ಪನಿಗೊಂದು ಗೇಮಿಂಗ್ ಪಿಸಿ: 60 ಸಾವಿರದಲ್ಲಿ ನಾನು ಜೋಡಿಸಿದ್ದು ಹೀಗೆ

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ರಿಟೈರ್ ಆದಮೇಲೆ ಸಕಲೇಶಪುರದ ಹತ್ತಿರ ನಮ್ಮ ಊರಲ್ಲೇ ಇದ್ದಾರೆ. ಒಮ್ಮೆ ನನ್ನ ಮಗ ಫೋನಿನಲ್ಲಿ ಬಸ್ ಓಡಿಸುವ ಗೇಮ್ ಕೊಟ್ಟಿದ್ದ. ಎರಡು ನಿಮಿಷ ಆಡಿ, "ಸ್ಟೇರಿಂಗ್ ಇಲ್ಲ, ಕ್ಲಚ್ ಇಲ್ಲ, ಬೆರಳಲ್ಲಿ ಸವರಿದ್ರೆ ಬಸ್ ತಿರುಗತ್ತಾ?" ಅಂತ ವಾಪಸ್ ಕೊಟ್ಟರು. ಆಗಲೇ ನನಗೆ ಅನಿಸಿದ್ದು, ಇವರಿಗೆ ಗೇಮ್ ಬೇಡ ಅಂತಲ್ಲ, ಸರಿಯಾದ ಸ್ಟೇರಿಂಗ್ ಬೇಕು.

ಒಟ್ಟು ಬಜೆಟ್ 60 ಸಾವಿರ ಅಂದುಕೊಂಡೆ. ಇದು 2025ರ ಶುರುವಿನ ಮಾತು. ಇಷ್ಟು ದುಡ್ಡಿಗೆ ಯಾರನ್ನು ಕೇಳಿದರೂ ಮೊದಲು ಹೇಳೋದು ಗ್ರಾಫಿಕ್ಸ್ ಕಾರ್ಡ್, ಅಂದರೆ ಗೇಮ್‌ನ ಚಿತ್ರ ಬಿಡಿಸುವ ಭಾಗದ ಬಗ್ಗೆ. ಅರ್ಧ ದುಡ್ಡು ಅದಕ್ಕೆ ಹಾಕಿ, ಉಳಿದಿದ್ದರಲ್ಲಿ ಮಿಕ್ಕಿದ್ದು ನೋಡ್ಕೋ ಅನ್ನುತ್ತಾರೆ. ಇಪ್ಪತ್ತು ವರ್ಷದ ಹುಡುಗನಿಗೆ ಅದು ಸರಿ. ಅರವತ್ತು ದಾಟಿದವರಿಗೆ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಪರದೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಬರುತ್ತೆ ಅಂತ ಅವರು ಎಣಿಸುವುದಿಲ್ಲ. ಅಕ್ಷರ ಕಾಣುತ್ತಾ, ಪೆಡಲ್ ಕಾಲಿಗೆ ಹೊಂದುತ್ತಾ, ಕರೆಂಟ್ ಹೋದಾಗ ಏನಾಗುತ್ತೆ, ಇವೇ ಅವರ ಪ್ರಶ್ನೆಗಳು. ಹಾಗಾಗಿ ಡಬ್ಬದೊಳಗಿನ ಸಾಮಾನಿಗೆ ಅರ್ಧ, ಕಣ್ಣು ಕೈ ಕಾಲು ಮುಟ್ಟುವ ಸಾಮಾನಿಗೆ ಅರ್ಧ ಅಂತ ಗೆರೆ ಎಳೆದೆ.

ಮೊದಲು ಗೇಮ್ ಯಾವುದು ಅಂತ ನಿರ್ಧಾರ ಆಗಬೇಕು, ಆಮೇಲೆ ಪಿಸಿ. ನಾನು ಆರಿಸಿದ್ದು ಯೂರೋ ಟ್ರಕ್ ಸಿಮ್ಯುಲೇಟರ್ 2, ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವ ಗೇಮ್. ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಬಿಟ್ಟ ಗೇಮ್ ಇದು. ಇವತ್ತಿಗೂ ಅಪ್‌ಡೇಟ್ ಬರುತ್ತಿದೆ, ಆದರೂ ಭಾರೀ ಯಂತ್ರ ಕೇಳುವುದಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಸೇಲ್ ಕಾದು ತಗೊಂಡರೆ ಬೆಲೆಯೂ ತೀರಾ ಕಡಿಮೆ. ಇನ್ನೊಂದು ಮುಖ್ಯ ಕಾರಣ, ಇದರ ಮೂಲ ನಕ್ಷೆಯಲ್ಲೇ ಬ್ರಿಟನ್ ಇದೆ. ಅಲ್ಲಿ ನಮ್ಮ ಹಾಗೆ ಎಡಗಡೆ ಓಡಾಟ. ಜೀವನಪೂರ್ತಿ ಎಡಗಡೆ ಓಡಿಸಿದ ಮನುಷ್ಯನನ್ನು ಏಕಾಏಕಿ ಜರ್ಮನಿಯ ರಸ್ತೆಗೆ ಬಿಟ್ಟರೆ ಮೊದಲ ಸರ್ಕಲ್‌ನಲ್ಲೇ ಗಲಾಟೆ ಆಗುತ್ತೆ, ಅಲ್ವಾ?

ಸಾಮಾನು ತಂದಿದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು, ಟೌನ್ ಹಾಲ್‌ನಿಂದ ನಡೆದೇ ಹೋಗಬಹುದು. ಅಲ್ಲಿ ನನ್ನ ಪದ್ಧತಿ ಒಂದೇ. ಬೇಕಾದ ಸಾಮಾನನ್ನು ಮಾಡೆಲ್ ನಂಬರ್ ಸಮೇತ ಚೀಟಿಯಲ್ಲಿ ಬರೆದುಕೊಂಡು ಹೋಗುವುದು, ಮೂರ್ನಾಲ್ಕು ಅಂಗಡಿಯಲ್ಲಿ ಅದೇ ಚೀಟಿ ತೋರಿಸಿ ಒಟ್ಟು ಬೆಲೆ ಕೇಳುವುದು. ಒಂದು ಅಂಗಡಿಯವರು ಬಿಲ್ ಇಲ್ಲದೆ ತಗೊಂಡರೆ ಇನ್ನೂ ಕಡಿಮೆ ಮಾಡ್ತೀವಿ ಅಂದರು. ಬೇಡ ಅಂದೆ. ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ವಾರಂಟಿಗೆ ಅಲೆಯೋದು ನಾವೇ. ಪ್ರೊಸೆಸರ್ ಬಿಡಿಯಾಗಿ, ಸೀಲ್ ಡಬ್ಬ ಇಲ್ಲದೆಯೂ ಸಿಗುತ್ತೆ. ಅದೂ ಬೇಡ. ಅಪ್ಪನ ಮನೆಯ ಪಿಸಿ ಕೆಟ್ಟರೆ ಅದನ್ನು ಹೊತ್ತು ತರಬೇಕಾದವನು ನಾನು.

ಅದೇ ರಸ್ತೆಯಲ್ಲಿ ಆಫೀಸುಗಳಿಂದ ಬಂದ ಹಳೇ ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳು ರಾಶಿ ರಾಶಿ ಇರುತ್ತವೆ. ಬೆಲೆ ನೋಡಿದರೆ ಆಸೆ ಆಗುತ್ತೆ. ಬರೀ ಇಮೇಲು, ಯೂಟ್ಯೂಬು ಅಂದರೆ ಧಾರಾಳವಾಗಿ ತಗೊಳ್ಳಿ. ಆದರೆ ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ವಿಂಡೋಸ್ 10ರ ಬೆಂಬಲವೋ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು, ಮುಗಿಯಿತು ಕೂಡ. ಜೊತೆಗೆ ಅಂಥ ಎಷ್ಟೋ ಡಬ್ಬಗಳಲ್ಲಿ ಪವರ್ ಸಪ್ಲೈ ಆ ಕಂಪನಿಯದೇ ಆಕಾರ, ಆ ಕಂಪನಿಯದೇ ಪಿನ್ನು. ಕೆಟ್ಟರೆ ಸಕಲೇಶಪುರದಲ್ಲಿ ಎಲ್ಲಿ ಹುಡುಕೋದು?

ಪ್ರೊಸೆಸರ್ ಎಎಂಡಿ ರೈಜನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಒಳಗೇ ವೇಗಾ ಅನ್ನುವ ಗ್ರಾಫಿಕ್ಸ್ ಇದೆ, ಹಾಗಾಗಿ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲಿಲ್ಲ. ಕೂಲರ್ ಡಬ್ಬದಲ್ಲೇ ಬರುತ್ತೆ. ಸುಮಾರು 11 ಸಾವಿರ ಆಯಿತು. ಇದಕ್ಕೆ ಬಿ450 ಮದರ್‌ಬೋರ್ಡ್, 6 ಸಾವಿರ. ಬಿ450 ಈ ಪ್ರೊಸೆಸರ್‌ಗಿಂತ ಹಳೆಯ ಚಿಪ್‌ಸೆಟ್. ಹಾಗಾಗಿ ಡಬ್ಬದ ಮೇಲೆ ರೈಜನ್ 5000 ರೆಡಿ ಅನ್ನುವ ಸ್ಟಿಕರ್ ಇದೆಯಾ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹಳೇ ಬಯೋಸ್ (ಪಿಸಿ ಶುರುವಾಗುವಾಗ ಓಡುವ ಮೂಲ ತಂತ್ರಾಂಶ) ಇದ್ದು, ಆನ್ ಮಾಡಿದರೂ ಪರದೆ ಕಪ್ಪಗೇ ಇರಬಹುದು.

ರ‍್ಯಾಮ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಯಲ್ಲಿ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ. ಅದು ಬಳಸೋದು ಇದೇ ರ‍್ಯಾಮನ್ನು. 16 ಜಿಬಿಯ ಒಂದೇ ಕಡ್ಡಿ ಹಾಕಿದರೆ ಒಂದೇ ಚಾನೆಲ್, ಅಂದರೆ ಮಾಹಿತಿ ಸಾಗಲು ಒಂದೇ ದಾರಿ. ಡಿಡಿಆರ್4 3200 ಆದರೆ ಸೆಕೆಂಡಿಗೆ 25.6 ಜಿಬಿ ಸಾಗುತ್ತೆ. 8 ಜಿಬಿಯ ಎರಡು ಕಡ್ಡಿ ಹಾಕಿದರೆ ಎರಡು ಚಾನೆಲ್, ಅಂದರೆ 51.2 ಜಿಬಿ. ಬೆಲೆ ಹೆಚ್ಚು ಕಡಿಮೆ ಅಷ್ಟೇ, ಗೇಮ್‌ನಲ್ಲಿ ವ್ಯತ್ಯಾಸ ಮಾತ್ರ ಕಣ್ಣಿಗೆ ಕಾಣುವಷ್ಟು. ಅಂಗಡಿಯವರು "ಒಂದೇ ಕಡ್ಡಿ ಹಾಕ್ಸಿ, ಮುಂದೆ ಇನ್ನೊಂದು ಸೇರಿಸ್ಬೋದು" ಅನ್ನುತ್ತಾರೆ. ಇಂಥ ಪಿಸಿಗೆ ಆ ಸಲಹೆ ಕೇಳಬೇಡಿ. ಮತ್ತೆ, ಎರಡೂ ಕಡ್ಡಿ ಹಾಕಿದ ತಕ್ಷಣ ಅವು 3200ರಲ್ಲಿ ಓಡುವುದಿಲ್ಲ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅನ್ನುವ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಬೇಕು, ಇಲ್ಲಾಂದ್ರೆ ಸುಮ್ನೆ ಕಡಿಮೆ ವೇಗದಲ್ಲೇ ಇರುತ್ತವೆ. ಗ್ರಾಫಿಕ್ಸ್‌ಗೆ 2 ಜಿಬಿ ಎತ್ತಿಡೋದನ್ನೂ ಅಲ್ಲೇ ಮಾಡಿದೆ. ನನಗೆ ಈ ಎರಡು ಕಡ್ಡಿ ಮೂರು ಸಾವಿರ ಚಿಲ್ಲರೆಗೆ ಸಿಕ್ಕಿತು. 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ವಿಪರೀತ ಏರಿತು, ಹಾಗಾಗಿ ಈಗ ಜೋಡಿಸುವವರು ಈ ಅಂಕಿ ನಂಬಿಕೊಂಡು ಹೋಗಬೇಡಿ.

ಫೈಲ್ ಇಡಲು 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, 450 ವಾಟ್‌ನ ಬ್ರಾಂಜ್ ದರ್ಜೆಯ ಪವರ್ ಸಪ್ಲೈ, ಮುಂದೆ ಜಾಲರಿ ಮತ್ತು ಧೂಳಿನ ಫಿಲ್ಟರ್ ಇರುವ ಸಾದಾ ಕ್ಯಾಬಿನೆಟ್. ಬಣ್ಣ ಬಣ್ಣದ ಲೈಟ್ ಫ್ಯಾನ್ ಬೇಡ ಅಂದೆ, ರಾತ್ರಿ ಹಾಲ್‌ನಲ್ಲಿ ಮಲಗುವ ಅಮ್ಮನ ಕಣ್ಣಿಗೆ ಹೊಡೆಯುತ್ತೆ. ಡಬ್ಬದ ಲೆಕ್ಕ 29 ಸಾವಿರಕ್ಕೆ ನಿಂತಿತು.

ಮಾನಿಟರ್ ವಿಷಯದಲ್ಲಿ ಗೇಮರ್‌ಗಳು ನನ್ನ ಮೇಲೆ ರೇಗಬಹುದು. 27 ಇಂಚು, ಆದರೆ 1080ಪಿ, ಅಂದರೆ 1920 x 1080 ಪಿಕ್ಸೆಲ್. ಇಷ್ಟು ದೊಡ್ಡ ಪರದೆಗೆ ಇಷ್ಟೇ ಪಿಕ್ಸೆಲ್ ಸಾಲದು, ಇಂಚಿಗೆ ಬರೀ 82 ಪಿಕ್ಸೆಲ್ ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ನನಗೆ ಬೇಕಾಗಿದ್ದೇ ಅದು. ಪಿಕ್ಸೆಲ್ ದೊಡ್ಡದಾದರೆ ಅಕ್ಷರವೂ ದೊಡ್ಡದು, ವಿಂಡೋಸ್‌ನಲ್ಲಿ ಎಲ್ಲವನ್ನೂ ಹಿಗ್ಗಿಸುವ (ಸ್ಕೇಲಿಂಗ್) ತಲೆನೋವಿಲ್ಲ, ಒಳಗಿನ ಗ್ರಾಫಿಕ್ಸ್‌ಗೂ 1080ಪಿ ಹೊರೆ ತಡೆಯುವಂಥದ್ದು. ಅಪ್ಪ ಹಾಕೋದು ಬೈಫೋಕಲ್ ಕನ್ನಡಕ. ಅದರಲ್ಲಿ ಹತ್ತಿರದ ನೋಟ ಕೆಳಗಿನ ಭಾಗದಲ್ಲಿ ಇರುತ್ತೆ. ಮಾನಿಟರ್ ಎತ್ತರದಲ್ಲಿಟ್ಟರೆ ಗದ್ದ ಎತ್ತಿ ನೋಡಿ ನೋಡಿ ಕುತ್ತಿಗೆ ನೋವು ಬರುತ್ತೆ. ಅದಕ್ಕೆ ಸ್ಟ್ಯಾಂಡನ್ನು ಪೂರ್ತಿ ಕೆಳಗಿಳಿಸಿ, ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಇಟ್ಟೆ.

ಇನ್ನು ಸ್ಟೇರಿಂಗ್. ಹೊಸದು ತಗೊಂಡಿದ್ದರೆ ಬಜೆಟ್ ಅಲ್ಲಿಗೇ ಮುಗೀತಿತ್ತು. ಲಾಜಿಟೆಕ್ ಜಿ29, ಜೊತೆಗೆ ಅದರ ಆರು ಗೇರಿನ ಶಿಫ್ಟರ್, ಎರಡೂ ಸೆಕೆಂಡ್ ಹ್ಯಾಂಡ್, ಸೇರಿ 17 ಸಾವಿರ. ಮೂರು ಪೆಡಲ್ ಇದೆ, ಕ್ಲಚ್ ಸಮೇತ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ನಾನು ನೋಡಿದ್ದು ಇಷ್ಟು. ಪವರ್ ಮತ್ತು ಯುಎಸ್‌ಬಿ ಹಾಕಿದ ಕೂಡಲೇ ಸ್ಟೇರಿಂಗ್ ತಾನೇ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿ ನಡುವಿಗೆ ಬಂದು ನಿಲ್ಲಬೇಕು. ಪೆಡಲನ್ನು ನಿಧಾನ ಒತ್ತುತ್ತಾ ಹೋದರೆ ಲ್ಯಾಪ್‌ಟಾಪಿನಲ್ಲಿ ಗೆರೆ ಅಷ್ಟೇ ನಿಧಾನವಾಗಿ ಏರಬೇಕು. ಮಧ್ಯೆ ಎಗರಿದರೆ ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ ಒಳಗಿನ ಪೊಟೆನ್ಶಿಯೋಮೀಟರ್ ಸವೆದಿದೆ ಅಥವಾ ಕೊಳೆ ಹಿಡಿದಿದೆ ಅಂತ ಅರ್ಥ.

ಊರಿಗೆ ಒಯ್ದು ಜೋಡಿಸಿದ ಮೇಲೆ ಅಪ್ಪನ ಮೊದಲ ದೂರು ಬ್ರೇಕ್ ಬಗ್ಗೆ. "ಏನಿದು ಇಷ್ಟು ಗಟ್ಟಿ? ನಮ್ಮ ಗಾಡೀಲಿ ಏರ್ ಬ್ರೇಕು, ಕಾಲಿಟ್ರೆ ಸಾಕು ಹಿಡೀತಿತ್ತು." ಜಿ29ರ ಬ್ರೇಕ್ ಪೆಡಲ್ ಒಳಗೆ ಒಂದು ರಬ್ಬರ್ ತುಂಡು ಇರುತ್ತೆ, ರೇಸ್ ಕಾರಿನ ಬ್ರೇಕಿನ ಹಾಗೆ ಗಟ್ಟಿ ಅನಿಸಲಿ ಅಂತ. ಬಿಚ್ಚಿ ಅದನ್ನು ತೆಗೆದೆ. ಮಂಡಿ ನೋವಿರುವವರಿಗೆ ಇದು ಮಾಡಲೇಬೇಕಾದ ಕೆಲಸ. ಎರಡನೇ ದೂರಿಗೆ ನನ್ನಲ್ಲಿ ಮದ್ದಿರಲಿಲ್ಲ. ಈ ಸ್ಟೇರಿಂಗ್ ತಿರುಗೋದು 900 ಡಿಗ್ರಿ, ಅಂದರೆ ಒಟ್ಟು ಎರಡೂವರೆ ಸುತ್ತು. ಬಸ್ಸಿನದು ಅದಕ್ಕಿಂತ ಎಷ್ಟೋ ಜಾಸ್ತಿ. ಶಿರಾಡಿ ಘಾಟಿಯ ತಿರುವುಗಳಲ್ಲಿ ಕೈ ಮೇಲೆ ಕೈ ಹಾಕಿ ಸುತ್ತಿದವರಿಗೆ ಇದು ಆಟಿಕೆ ಅನಿಸಿತು. ಗೇಮ್‌ನಲ್ಲಿ ಸ್ಟೇರಿಂಗ್ ಸೂಕ್ಷ್ಮತೆ ತಗ್ಗಿಸಿ ಸ್ವಲ್ಪ ಸಮಾಧಾನ ಮಾಡಿದೆ.

ನಮ್ಮ ಮನೆಯ ಹಳೇ ಬೀಟೆ ಮೇಜಿನ ಅಂಚು ದಪ್ಪ, ಸ್ಟೇರಿಂಗಿನ ಕ್ಲಾಂಪ್ ಹಿಡಿಯುವುದಿಲ್ಲ ಅಂತ ಮೊದಲೇ ಅಳತೆ ಕೇಳಿಕೊಂಡಿದ್ದೆ. ಊರಿನ ಬಡಗಿ ತೆಳು ಹಲಗೆಯ ಮೇಜು ಮಾಡಿಕೊಟ್ಟರು. ರೆಡ್ ಆಕ್ಸೈಡ್ ನೆಲದಲ್ಲಿ ಪೆಡಲ್ ಜಾರದಂತೆ ಗೋಡೆಗೆ ತಾಗಿಸಿ ಒಂದು ಅಡ್ಡಪಟ್ಟಿಯನ್ನೂ ಹೊಡೆದರು. ಕುರ್ಚಿಗೆ ಚಕ್ರ ಇರಬಾರದು. ಬ್ರೇಕ್ ಒತ್ತಿದಾಗ ನಾವೇ ಹಿಂದಕ್ಕೆ ಹೋಗ್ತೀವಿ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದಕ್ಕೆ ಬದಲಾಗುವ ಕ್ಷಣದಲ್ಲಿ ಪಿಸಿ ಆಫ್ ಆಗಿ ಆನ್ ಆಗುವುದುಂಟು. ಅದಕ್ಕೆ ಪಿಸಿ, ಮಾನಿಟರ್ ಎರಡಕ್ಕೂ ಸೇರಿ 600 ವಿಎ ಯುಪಿಎಸ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದರಿಂದ ಇಷ್ಟು ಚಿಕ್ಕದೇ ಸಾಕು. ಕೆಲವು ಪವರ್ ಸಪ್ಲೈಗಳಿಗೆ ಅಗ್ಗದ ಯುಪಿಎಸ್ ಕೊಡುವ ಕರೆಂಟ್ ಒಗ್ಗುವುದಿಲ್ಲ. ಬೆಂಗಳೂರಿನಲ್ಲೇ ಗೇಮ್ ಓಡುತ್ತಿದ್ದಾಗ ಗೋಡೆಯ ಪ್ಲಗ್ ಕಿತ್ತು ನೋಡಿ, ನಿಲ್ಲಲಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಪ್ಯಾಕ್ ಮಾಡಿದ್ದು. ಗುಡುಗು ಶುರುವಾದರೆ ಯುಪಿಎಸ್ಸಿನ ಪ್ಲಗ್ಗೂ ತೆಗೆಯಬೇಕು. ಅದನ್ನು ಅಪ್ಪನಿಗೆ ಹೇಳಿಕೊಡಬೇಕಾಗಲಿಲ್ಲ, ಟಿವಿಗೆ ಮೊದಲಿಂದಲೂ ಹಾಗೇ ಮಾಡುತ್ತಾರೆ.

ವಿಂಡೋಸ್‌ನಲ್ಲಿ ಅಪ್ಪನ ಖಾತೆಗೆ ಅಡ್ಮಿನ್ ಅಧಿಕಾರ ಕೊಟ್ಟಿಲ್ಲ. ದೂರದಿಂದ ರಿಪೇರಿ ಮಾಡಲು ರಿಮೋಟ್ ಆಪ್ ಹಾಕಿದ್ದೀನಿ. ಇಂಥ ಆಪ್‌ಗಳ ಮೂಲಕ ನಡೆಯುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಹಾಗಾಗಿ ಎರಡು ಷರತ್ತು. ಈ ಪಿಸಿಯಲ್ಲಿ ಬ್ಯಾಂಕ್ ವ್ಯವಹಾರ ಇಲ್ಲ, ಮತ್ತು ಪರದೆಯ ಮೇಲಿನ ನಂಬರನ್ನು ನನಗೆ ಬಿಟ್ಟು ಯಾರಿಗೂ ಓದಿ ಹೇಳುವಂತಿಲ್ಲ.

ಗೇಮ್ ಸೆಟ್ಟಿಂಗಿನಲ್ಲಿ ಕೂತು ಕೆಲಸ ಮಾಡಿದರೆ 5600ಜಿ ಚೆನ್ನಾಗೇ ಎಳೆಯುತ್ತೆ. ನೆರಳು, ಗಿಡಮರದ ದಟ್ಟಣೆ ಎರಡನ್ನೂ ಕಡಿಮೆ ಮಾಡಿದೆ. ಕನ್ನಡಿಯ ಗುಣಮಟ್ಟವನ್ನು ಮಾತ್ರ ಇಳಿಸಲು ಅಪ್ಪ ಬಿಡಲಿಲ್ಲ. ಗೇಮ್‌ನಲ್ಲಿ ಕನ್ನಡಿ ಭಾರಿ ದುಬಾರಿ ಕೆಲಸ, ಅದೇ ದೃಶ್ಯವನ್ನು ಇನ್ನೊಮ್ಮೆ ಬಿಡಿಸಬೇಕು. ಆದರೆ ಡ್ರೈವರ್‌ಗೆ ಮರ ಮಂಜಾದರೆ ನಡೆಯುತ್ತೆ, ಕನ್ನಡಿ ಮಂಜಾದರೆ ಆಗಲ್ಲ. ಅವರು ಹೇಳಿದ್ದು ಸರಿ ಅನಿಸಿ ಹಾಗೇ ಬಿಟ್ಟೆ. ಹೆಚ್ಚಿನ ಕಡೆ ಸೆಕೆಂಡಿಗೆ 45ರ ಮೇಲೇ ಫ್ರೇಮ್ ಬರುತ್ತೆ, ದೊಡ್ಡ ಊರೊಳಗೆ ಸ್ವಲ್ಪ ಇಳಿಯುತ್ತೆ. ಶುರುವಿನಲ್ಲಿ ತಲೆ ಸುತ್ತುತ್ತೆ ಅಂದಿದ್ದರು. ಎಫ್4 ಒತ್ತಿ ಸೀಟು, ನೋಟದ ಅಗಲ ಸರಿಮಾಡಿ, ಕ್ಯಾಮೆರಾ ಅಲುಗಾಟ ನಿಲ್ಲಿಸಿದ ಮೇಲೆ ಆ ತೊಂದರೆ ಹೋಯಿತು. ವೇಗವನ್ನು ಮೈಲಿಯಿಂದ ಕಿಲೋಮೀಟರ್‌ಗೆ ಬದಲಿಸಿದೆ.

ಗೇಮ್‌ನಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ಅಪ್ಪನ ಡಿಪೋ. ಗೇಮ್‌ನಲ್ಲಿ ಬ್ಯಾಂಕ್ ಸಾಲ ಮಾಡಿ ಬೇಗ ಸ್ವಂತ ಲಾರಿ ತಗೋಬಹುದು. ಸಾಲ ಬೇಡ ಅಂತ ಬೇರೆಯವರ ಲಾರಿಯಲ್ಲೇ ದುಡಿದು, ಕಾಸು ಕೂಡಿಸಿ ವೋಲ್ವೋ ತಗೊಂಡರು, ಬಲಗಡೆ ಸ್ಟೇರಿಂಗಿನದು. ಆಯಾಸ ಆಗುವ ಸೆಟ್ಟಿಂಗ್ ಆಫ್ ಮಾಡ್ಲಾ ಅಂದರೆ ಬೇಡ ಅಂದರು. ಯುರೋಪಿನಲ್ಲಿ ನಿಜವಾಗಿಯೂ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು ಅನ್ನುವ ಕಾನೂನು ಇದೆ ಅಂತ ಹೇಳಿದಾಗ ತುಂಬಾ ಹೊತ್ತು ಅದರ ಬಗ್ಗೆಯೇ ಮಾತಾಡಿದರು. ಅವರಿಗೆ ಇನ್ನೂ ಬಗ್ಗದಿರುವುದು ಟ್ರೇಲರ್ ರಿವರ್ಸ್. ಬಸ್ಸಿಗೆ ನಡುವೆ ಕೀಲು ಇರಲಿಲ್ಲ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಪಾರ್ಕಿಂಗ್ ಬಿಟ್ಟುಬಿಡುವ ಆಯ್ಕೆ ಗೇಮ್‌ನಲ್ಲಿದೆ, ಅದನ್ನು ಒತ್ತುವುದಿಲ್ಲ.

ಮುಂದೆ ಬೇಕಾದರೆ ಇದೇ ಪಿಸಿಗೆ ಆರ್‌ಎಕ್ಸ್ 6600 ತರಹದ ಗ್ರಾಫಿಕ್ಸ್ ಕಾರ್ಡ್ ಸೇರಿಸಬಹುದು. ಅದು ತಿನ್ನೋದು 132 ವಾಟ್, ಈಗಿರುವ ಪವರ್ ಸಪ್ಲೈ ಸಾಕು, ಯುಪಿಎಸ್ ಮಾತ್ರ ದೊಡ್ಡದು ಹಾಕಬೇಕಾಗುತ್ತೆ. ಆ ಮಾತು ಎತ್ತಿದಾಗ ಅಪ್ಪ ಬೆಲೆ ಕೇಳಿದರು. ಆಮೇಲೆ, ಅದರ ಬದಲು ಕೈಗೆ ಸಿಗೋ ಹಾಗೆ ಒಂದು ಹ್ಯಾಂಡ್ ಬ್ರೇಕ್ ಸಿಗುತ್ತಾ ನೋಡು ಅಂದರು. ಯುಎಸ್‌ಬಿಯದು ಸಿಗುತ್ತೆ. ಮುಂದಿನ ಸಲ ಊರಿಗೆ ಹೋಗುವಾಗ ಒಯ್ಯಬೇಕು.