ಮೈಸೂರಿನ ಹವೆಯಲ್ಲಿ ಸಿಗಾರಿನ ಹದ ಕಾಯುವ ಬಗೆ

ಹುಣಸೂರು, ಪಿರಿಯಾಪಟ್ಟಣದ ಕಡೆಯ ತಂಬಾಕು ಬೆಳೆಗಾರರು ಬ್ಯಾರನ್ ಎಂಬ ಕಾವುಮನೆಯಲ್ಲಿ ಬೆಂದ ಎಲೆಯನ್ನು ಕೂಡಲೇ ಕೆಳಗಿಳಿಸುವುದಿಲ್ಲ. ಬೆಂಕಿ ಆರಿದ ಮೇಲೆ ಬಾಗಿಲು ತೆರೆದಿಟ್ಟು, ಗರಿಗರಿಯಾದ ಎಲೆ ಗಾಳಿಯ ತೇವವನ್ನು ಹೀರಿ ಮೆತ್ತಗಾಗುವವರೆಗೆ ಕಾಯುತ್ತಾರೆ. ಅವಸರಪಟ್ಟರೆ ಎಲೆ ಪುಡಿಯಾಗುತ್ತದೆ, ತೇವ ಮಿತಿಮೀರಿದರೆ ಬೂಷ್ಟು ಹಿಡಿಯುತ್ತದೆ. ಅವರು ಬೆಳೆಯುವ ವರ್ಜೀನಿಯಾ ತಂಬಾಕು ಸಿಗರೇಟಿಗೆ ಹೋಗುವಂಥದ್ದು. ಸಿಗಾರಿನ ಎಲೆಯಾದರೋ ಬೆಂಕಿಯ ಕಾವಿಲ್ಲದೆ ಗಾಳಿಯಲ್ಲೇ ಒಣಗಿ, ಆಮೇಲೆ ರಾಶಿಯಲ್ಲಿ ತಿಂಗಳುಗಟ್ಟಲೆ ಹುದುಗಿ ಸಿದ್ಧವಾಗುತ್ತದೆ. ಆದರೂ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುವ, ಕುಗ್ಗುವ ಗುಣ ಎರಡಕ್ಕೂ ಒಂದೇ. ಕ್ಯೂಬಾದಲ್ಲೋ ಡೊಮಿನಿಕನ್ ಗಣರಾಜ್ಯದಲ್ಲೋ ಕೈಯಿಂದ ಸುತ್ತಿದ ಸಿಗಾರು ನಮ್ಮ ಮನೆಗೆ ಬಂದ ಮೇಲೆ ನಾವು ಮಾಡಬೇಕಾದ ಕೆಲಸವೆಂದರೆ ಆ ಹದವನ್ನು ಕಾಯುವುದು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸಿಗಾರಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲುಗಳ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ. ಈ ಅಭ್ಯಾಸವಿಲ್ಲದವರು ಇದನ್ನು ಓದಿ ಶುರುಮಾಡಬಾರದು ಎಂಬುದೇ ನನ್ನ ಪ್ರಾಮಾಣಿಕ ಅಭಿಪ್ರಾಯ. ಅಪಾಯವನ್ನು ಅರಿತೂ ಅಪರೂಪಕ್ಕೊಮ್ಮೆ ಸೇದುವ ವಯಸ್ಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸೇದುವುದಿಲ್ಲ. ಹಾಗಾಗಿಯೇ ಇಪ್ಪತ್ತು ಸಿಗಾರುಗಳ ಒಂದು ಪೆಟ್ಟಿಗೆ ವರ್ಷ ದಾಟಿ ಉಳಿಯುತ್ತದೆ, ಅದನ್ನು ಕಾಪಾಡುವ ಪ್ರಶ್ನೆಯೂ ಏಳುತ್ತದೆ.

ಸಿಗಾರಿಗೆ ಬೇಕಾದ ಹವೆ ಶೇಕಡಾ 65ರಿಂದ 70ರಷ್ಟು ಸಾಪೇಕ್ಷ ತೇವಾಂಶ ಮತ್ತು 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ. ಮೈಸೂರಿನಲ್ಲಿ ಡಿಸೆಂಬರ್, ಜನವರಿಗಳು ಇದಕ್ಕೆ ಹತ್ತಿರ ಬರುತ್ತವೆ. ಆದರೆ ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಗಾಳಿಯ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ, ಏಪ್ರಿಲಿನಲ್ಲಿ ಬಿಸಿಲು 35 ಡಿಗ್ರಿಯನ್ನು ಮುಟ್ಟುತ್ತದೆ, ಜುಲೈನ ಬೆಳಗುಗಳಲ್ಲಿ ತೇವಾಂಶ 80ನ್ನು ಮೀರುತ್ತದೆ. ಈ ಏರಿಳಿತವೇ ಸಿಗಾರಿಗೆ ದೊಡ್ಡ ಪೆಟ್ಟು. ಒಳಗಿನ ಎಲೆಗಳು ತೇವ ಹೀರಿ ಹಿಗ್ಗುವ ವೇಗಕ್ಕೆ ತೆಳುವಾದ ಮೇಲ್ಹೊದಿಕೆಯ ಎಲೆ ಹೊಂದಿಕೊಳ್ಳಲಾರದೆ ಉದ್ದಕ್ಕೂ ಸೀಳುತ್ತದೆ. ಒಣಗಿದ ಸಿಗಾರಾದರೆ ಬೇಗ ಉರಿದು ನಾಲಗೆಯನ್ನು ಸುಡುತ್ತದೆ. ಅದರ ಪರಿಮಳದ ಎಣ್ಣೆಯಂಶ ಒಮ್ಮೆ ಹಾರಿಹೋದರೆ ಆಮೇಲೆ ಎಷ್ಟು ತೇವ ಕೊಟ್ಟರೂ ಮರಳಿ ಬಾರದು.

ಸಿಗಾರಿನ ತೇವ ಕಾಯಲೆಂದೇ ಮಾಡಿದ ಹ್ಯೂಮಿಡಾರ್ ಎಂಬ ಮರದ ಪೆಟ್ಟಿಗೆ ನೋಡಲು ಅಂದ. ಆದರೆ ಹೊಸದಾಗಿ ಆರಂಭಿಸುವವರಿಗೆ ನಾನು ಅದನ್ನು ಹೇಳುವುದಿಲ್ಲ. ಕಡಿಮೆ ಬೆಲೆಯ ಪೆಟ್ಟಿಗೆಗಳ ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ, ನಮ್ಮ ಬೇಸಿಗೆಯಲ್ಲಿ ಮರ ಬಿರುಕು ಬಿಡುತ್ತದೆ, ಒಳಗಿನ ಒಣಮರ ಮೊದಲ ವಾರಗಳಲ್ಲಿ ಸಿಗಾರಿನ ತೇವವನ್ನೇ ಕುಡಿಯುತ್ತದೆ. ಅಡುಗೆಮನೆಯಲ್ಲಿ ಹಪ್ಪಳ ಇಡುವಂಥ, ಮುಚ್ಚಳದ ಸುತ್ತ ರಬ್ಬರಿನ ಪಟ್ಟಿಯಿರುವ, ಹೊಸದಾದ ಗಾಳಿಯಾಡದ ಡಬ್ಬವೇ ಮೈಸೂರಿನ ಹವೆಗೆ ಮೇಲು. ಹಳೆಯ ಡಬ್ಬ ಬೇಡ. ಎಷ್ಟು ತೊಳೆದರೂ ಇಂಗಿನ ವಾಸನೆ ಪ್ಲಾಸ್ಟಿಕ್ಕನ್ನು ಬಿಡುವುದಿಲ್ಲ. ಡಬ್ಬದೊಳಗೆ ಎರಡು ಕಡೆಯಿಂದಲೂ ತೇವ ನಿಯಂತ್ರಿಸುವ ಪೊಟ್ಟಣವನ್ನು ಇಡಬೇಕು. ಅದು ಒಳಗಿನ ಗಾಳಿ ಒಣಗಿದಾಗ ತೇವ ಬಿಡುತ್ತದೆ, ಹೆಚ್ಚಾದಾಗ ಹೀರುತ್ತದೆ. ಇಪ್ಪತ್ತೈದು ಸಿಗಾರುಗಳಿಗೆ 60 ಗ್ರಾಮಿನ ಒಂದು ಪೊಟ್ಟಣ ಸಾಕು. ಪೊಟ್ಟಣಗಳು ಅವು ಕಾಯುವ ಶೇಕಡಾವಾರು ತೇವಾಂಶವನ್ನು ಹೇಳುವ 65, 69, 72 ಎಂಬ ಅಂಕಿಗಳಲ್ಲಿ ಸಿಗುತ್ತವೆ. ನಮ್ಮ ಮಳೆಗಾಲವನ್ನು ನೆನೆದು ನಾನು 65ನ್ನೇ ಆರಿಸುತ್ತೇನೆ. ಪೊಟ್ಟಣ ಗಟ್ಟಿಯಾಗಿ ಒಳಗೆ ಹರಳು ಸಿಕ್ಕಂತಾದರೆ ಬದಲಿಸುವ ಕಾಲ ಬಂತೆಂದು ತಿಳಿಯಬೇಕು. ನೀರಿನಲ್ಲಿ ಅದ್ದಿದ ಸ್ಪಂಜನ್ನು ಇಡುವವರು ಭಟ್ಟಿ ಇಳಿಸಿದ ನೀರನ್ನೇ ಬಳಸಲಿ. ನಲ್ಲಿಯ ನೀರಿನ ಲವಣ ಸ್ಪಂಜಿನ ರಂಧ್ರಗಳನ್ನು ಮುಚ್ಚುತ್ತದೆ, ಬೂಷ್ಟಿಗೂ ದಾರಿಯಾಗುತ್ತದೆ.

ತೇವ ಅಳೆಯುವ ಹೈಗ್ರೋಮೀಟರನ್ನು ಪರೀಕ್ಷಿಸದೆ ನಂಬಬಾರದು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ತುಂಬಿ, ಕರಗದೆ ಕೆಸರಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮಾಪಕದ ಜೊತೆಗೆ ಜಿಪ್ ಇರುವ ಚೀಲದಲ್ಲಿ ಹಾಕಿ ಒಂದಿಡೀ ದಿನ ಬಿಡಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿ ಶೇಕಡಾ 75ರಲ್ಲಿ ನಿಲ್ಲುತ್ತದೆ. ಮಾಪಕ 71 ತೋರಿಸಿದರೆ ಅದು ಸದಾ 4 ಕಡಿಮೆ ಹೇಳುತ್ತದೆಂದು ಡಬ್ಬದ ಮೇಲೆಯೇ ಬರೆದಿಟ್ಟುಕೊಳ್ಳಿ.

ಇನ್ನು ಮರದ ಮಾತು. ಸಿಗಾರಿನ ಪೆಟ್ಟಿಗೆಗಳಿಗೆ ಬಳಸುವ ಸ್ಪ್ಯಾನಿಷ್ ಸೀಡರ್ ಹೆಸರಿಗೆ ಮಾತ್ರ ಸೀಡರ್. ಅದು ಬೇವಿನ ಕುಟುಂಬದ ಅಮೆರಿಕ ಖಂಡದ ಮರ. ನಮ್ಮ ಪಶ್ಚಿಮ ಘಟ್ಟದ ಗಂಧಗರಿಗೆ ಅದರ ಹತ್ತಿರದ ನೆಂಟ. ಸಿಗಾರು ಬಂದ ಪೆಟ್ಟಿಗೆಯಲ್ಲಿರುವ ತೆಳುವಾದ ಸೀಡರ್ ಹಾಳೆಗಳನ್ನು ಎಸೆಯದೆ ಡಬ್ಬದ ತಳಕ್ಕೆ ಹಾಸಿದರೆ ಪರಿಮಳಕ್ಕೂ ತೇವದ ಸಮತೋಲಕ್ಕೂ ಒಳ್ಳೆಯದು. ಮೈಸೂರಿನವರಾದ ನಮಗೆ ಸಹಜವಾಗಿ ಗಂಧದ ಪೆಟ್ಟಿಗೆಯ ಆಸೆ ಹುಟ್ಟುತ್ತದೆ. ನಾನೂ ಮೊದಲ ವರ್ಷ ಹಾಗೇ ಮಾಡಿ, ಹನ್ನೆರಡು ಒಳ್ಳೆಯ ಸಿಗಾರುಗಳನ್ನು ಗಂಧದ ಚೂರುಗಳಿದ್ದ ಪೆಟ್ಟಿಗೆಯಲ್ಲಿಟ್ಟು ಬೀರುವಿನೊಳಗೆ ಸೇರಿಸಿದ್ದೆ. ನಾಲ್ಕು ತಿಂಗಳ ಮೇಲೆ ಹಚ್ಚಿದಾಗ ತಂಬಾಕಿನ ಸ್ವಂತ ರುಚಿಯ ಸುಳಿವೇ ಉಳಿದಿರಲಿಲ್ಲ, ಗಂಧದ ಜೊತೆಗೆ ಬೀರುವಿನ ನುಸಿಗುಳಿಗೆಯ ಕಹಿಯೂ ಬೆರೆತಿತ್ತು. ತಂಬಾಕಿನ ಎಲೆ ಹತ್ತಿರದ ಯಾವ ವಾಸನೆಯನ್ನಾದರೂ ಕುಡಿಯುತ್ತದೆ. ಊದುಬತ್ತಿ, ಕರ್ಪೂರ, ಸಾಬೂನುಗಳಿರುವ ಕಪಾಟು ಅದಕ್ಕೆ ಸಲ್ಲದು. ಬೀಟೆಮರದ ಕುಸುರಿ ಕೆತ್ತನೆಯ ಪೆಟ್ಟಿಗೆಗಳೂ ಪಾಲಿಶಿನ ವಾಸನೆಯ ಕಾರಣಕ್ಕೆ ಬೇಡ.

ಬೇಸಿಗೆಯಲ್ಲಿ ಡಬ್ಬದ ಜಾಗ ಮುಖ್ಯ. ಅಟ್ಟ, ಪಡುವಣ ಗೋಡೆ, ಫ್ರಿಜ್ಜಿನ ತಲೆ ಇವು ಮೂರೂ ಕಾವಿನ ಜಾಗಗಳು. ನಡುಮನೆಯ ಒಳಗೋಡೆಗೆ ತಾಗಿದ ಕಪಾಟಿನ ಕೆಳಹಂತವೇ ಮನೆಯ ತಂಪಾದ ಮೂಲೆ. 24 ಡಿಗ್ರಿ ಮೀರಿದ ಮೇಲೆ ತಂಬಾಕಿನ ದುಂಬಿಯ ಮೊಟ್ಟೆಗಳು ಒಡೆಯುವ ಸಂಭವ ಹೆಚ್ಚು. ಸೂಜಿ ಚುಚ್ಚಿದಂಥ ತೂತು, ಅದರ ಕೆಳಗೆ ನುಣ್ಣನೆಯ ಪುಡಿ ಕಂಡರೆ ಆ ಸಿಗಾರನ್ನು ಎಸೆದು, ಉಳಿದವನ್ನು ಎರಡು ಜಿಪ್ ಚೀಲಗಳಲ್ಲಿ ಬಿಗಿಯಾಗಿ ಮುಚ್ಚಿ ಒಂದು ದಿನ ಫ್ರಿಜ್ಜಿನಲ್ಲಿ, ನಾಲ್ಕು ದಿನ ಫ್ರೀಜರಿನಲ್ಲಿ, ಮತ್ತೊಂದು ದಿನ ಫ್ರಿಜ್ಜಿನಲ್ಲಿ ಇಟ್ಟು ಆಮೇಲೆ ಹೊರತೆಗೆಯಬೇಕು. ಒಮ್ಮೆಲೇ ಬಿಸಿಗೆ ತಂದರೆ ಹೊದಿಕೆ ಬಿರಿಯುತ್ತದೆ. ಈ ಚಿಕಿತ್ಸೆಯ ಹೊರತು ಫ್ರಿಜ್ಜು ಸಿಗಾರಿನ ಜಾಗವಲ್ಲ, ಅದರ ಗಾಳಿ ಬಹಳ ಒಣ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮುಚ್ಚಳ ತೆರೆದು ಎರಡು ನಿಮಿಷ ಗಾಳಿ ಬದಲಿಸಿ, ಪ್ರತಿ ಸಿಗಾರಿನ ತುದಿ ನೋಡಿ. ನೀಲಿ ಅಥವಾ ಹಸಿರು ಛಾಯೆಯ ನಯವಾದ ನೂಲಿನಂಥದ್ದು ಬೂಷ್ಟು. ಅದನ್ನು ಒರೆಸಿ ಸೇದುವ ಸಾಹಸ ಬೇಡ.

ದೂರದಿಂದ ಬಂದ ಸಿಗಾರಿಗೆ ಎರಡು ಮೂರು ವಾರ ಡಬ್ಬದಲ್ಲಿ ವಿಶ್ರಾಂತಿ ಕೊಟ್ಟ ಮೇಲೆಯೇ ಹಚ್ಚಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಒತ್ತಿದಾಗ ಸ್ವಲ್ಪ ಬಾಗಿ ಮತ್ತೆ ಮೊದಲಿನಂತಾದರೆ ಹದವಾಗಿದೆ; ಚಟಪಟ ಸದ್ದು ಬಂದರೆ ಇನ್ನೂ ಒಣಗಿದೆ. ಸಿಗಾರಿನ ತಲೆಯ, ಅಂದರೆ ಬಾಯಿಗಿಡುವ ತುದಿಯ, ಎಲೆಯ ಟೊಪ್ಪಿಯನ್ನು ಹರಿತವಾದ ಕತ್ತರಿಯಲ್ಲಿ ಒಂದೇ ಏಟಿಗೆ ಎರಡು ಮಿಲಿಮೀಟರಿನಷ್ಟು ಮಾತ್ರ ಕತ್ತರಿಸಿ. ಟೊಪ್ಪಿ ಮುಗಿಯುವ ಗೆರೆಯಿಂದ ಕೆಳಕ್ಕೆ ಹೋದರೆ ಇಡೀ ಹೊದಿಕೆ ಬಿಚ್ಚಿಕೊಳ್ಳುತ್ತದೆ. ಪೆಟ್ರೋಲ್ ಲೈಟರ್, ಮೇಣದಬತ್ತಿಗಳ ವಾಸನೆ ಸಿಗಾರಿಗೆ ಹತ್ತುವುದರಿಂದ ಬ್ಯುಟೇನ್ ಲೈಟರ್ ಅಥವಾ ಗಂಧಕದ ತಲೆ ಉರಿದು ಮುಗಿದ ಉದ್ದನೆಯ ಬೆಂಕಿಕಡ್ಡಿಯೇ ಆಗಬೇಕು. ಜ್ವಾಲೆಯನ್ನು ತುಸು ದೂರ ಹಿಡಿದು, ಸಿಗಾರನ್ನು ತಿರುಗಿಸುತ್ತಾ ಅಂಚೆಲ್ಲ ಕೆಂಡವಾಗುವವರೆಗೆ ಕಾಯಿಸಿ, ಆಮೇಲೆ ಬಾಯಿಗಿಡಿ.

ನಿಮಿಷಕ್ಕೆ ಒಂದು ಎಳೆತ ಸಾಕು, ಹೊಗೆ ಬಾಯಲ್ಲೇ ಇರಲಿ. ರೊಬುಸ್ಟೊ ಎಂಬ ಅಳತೆಯ ಐದು ಅಂಗುಲದ ಸಿಗಾರು ಹೀಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬರುತ್ತದೆ. ಬರಿಹೊಟ್ಟೆಯಲ್ಲಿ ಸೇದಿದರೆ ನಿಕೋಟಿನ್ನಿಗೆ ತಲೆ ತಿರುಗುವುದುಂಟು. ಆಗ ಸಿಗಾರನ್ನು ಕೆಳಗಿಟ್ಟು ಮಂಡ್ಯದ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಕುಳಿತರೆ ಸುಧಾರಿಸುತ್ತದೆ. ಜೊತೆಗೆ ಗಟ್ಟಿ ಡಿಕಾಕ್ಷನ್ನಿನ, ಸಕ್ಕರೆ ಕಡಿಮೆಯಿರುವ ಫಿಲ್ಟರ್ ಕಾಫಿಗಿಂತ ಹೊಂದುವ ಪಾನೀಯ ನನಗೆ ಇನ್ನೂ ಸಿಕ್ಕಿಲ್ಲ. ಸಿಗಾರಿನ ಮಧ್ಯಭಾಗದಲ್ಲಿ ಬರುವ ಹುರಿದ ಕೋಕೋದ ರುಚಿಗೆ ಕಾಫಿಯ ಕಹಿ ಆಸರೆಯಾಗುತ್ತದೆ. ಬೂದಿಯನ್ನು ಪದೇಪದೇ ಕೊಡವದೆ ಎರಡು ಸೆಂಟಿಮೀಟರಿನವರೆಗೆ ಬೆಳೆಯಬಿಟ್ಟರೆ ಕೆಂಡ ತಂಪಾಗಿ ಉರಿಯುತ್ತದೆ.

ಸೇದುವ ಜಾಗ ಮಹಡಿಯ ಮೇಲಿನ ಬಯಲೇ ಆಗಲಿ, ಮಕ್ಕಳು ವೃದ್ಧರು ಇಲ್ಲದ ಹೊತ್ತಿನಲ್ಲೇ ಆಗಲಿ. ಕೊನೆಯ ಮೂರನೆಯ ಒಂದು ಭಾಗದಲ್ಲಿ ಹೊಗೆ ಬಿಸಿಯಾಗಿ ಕಾರವೇರಿದಾಗ ನಿಲ್ಲಿಸಬೇಕು. ಸಿಗರೇಟಿನಂತೆ ಹೊಸಕಿ ಆರಿಸಿದರೆ ನಾತ ಏಳುತ್ತದೆ; ಬೂದಿಬಟ್ಟಲಲ್ಲಿ ಸುಮ್ಮನೆ ಇಟ್ಟರೆ ಹತ್ತು ನಿಮಿಷದೊಳಗೆ ತಾನಾಗಿ ಆರುತ್ತದೆ. ತಣ್ಣಗಾದ ತುಂಡನ್ನು ಅದೇ ರಾತ್ರಿ ನೀರಿನಲ್ಲಿ ನೆನೆಸಿ, ಕಾಗದದಲ್ಲಿ ಸುತ್ತಿ ಹೊರಗಿನ ಕಸದ ಬುಟ್ಟಿಗೆ ಹಾಕಿ, ಬಟ್ಟಲನ್ನು ತೊಳೆದಿಡಿ. ಬೆಳಗಿನವರೆಗೆ ಬಿಟ್ಟರೆ ಆ ಕಮಟು ಎರಡು ದಿನ ಮನೆಯಿಂದ ಹೋಗುವುದಿಲ್ಲ.