ಹದಿನೇಳರ ಪಾನಾ ಎರಡು, ಮನೆ ಒಂದು

ಬಿಚ್ಚಿ ಬೇರೆ ಕಡೆ ಒಯ್ದು ಮತ್ತೆ ಜೋಡಿಸಬಹುದಾದ ನನ್ನ ಮೊದಲ 'ಬಿಚ್ಚು ಮನೆ'ಯನ್ನು ನೋಡಿದ ಶಿರಸಿಯ ಗಾರೆ ಮೇಸ್ತ್ರಿಯೊಬ್ಬರು, "ಇದು ಮನೆಯಲ್ಲ ಮಾರಾಯರೇ, ಜಾತ್ರೆ ಅಂಗಡಿ" ಎಂದಿದ್ದರು. ಸಿಟ್ಟು ಬಂದಿತ್ತು. ಕೊನೆಗೆ ನನ್ನನ್ನು ಉಳಿಸಿದ್ದು ಜಾತ್ರೆ ಅಂಗಡಿಯೇ.

ಮೊದಲನೆಯದನ್ನು ಪೂರ್ತಿ ಬಿದಿರಿನಲ್ಲೇ ಮಾಡಿದ್ದೆ. ಗೆಣ್ಣಿನಿಂದ ದೂರ ತೂತು ಕೊರೆದ ಕಡೆಯಲ್ಲೆಲ್ಲ ಗಳ ಸೀಳಿತು. ಎರಡನೆಯದಕ್ಕೆ ಅಕೇಶಿಯಾ ರೀಪಿನ ಚೌಕಟ್ಟು, ಒಳಗೆ ಮೇದಾರರು ಹೆಣೆದ ತಟ್ಟಿ. ಹಸಿ ಮರ ಕೊಯ್ಯಿಸಿದ್ದು ನನ್ನ ಆತುರ. ಏಪ್ರಿಲ್ ಬಿಸಿಲಿಗೆ ಚೌಕಟ್ಟು ತಿರುಚಿಕೊಂಡು ತೂತಿಗೆ ತೂತು ಹೊಂದಲಿಲ್ಲ. ಎರಡೂ ಸೇರಿ ತೊಂಬತ್ತು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಐವತ್ತು ಎಂದು ಹೇಳಿದ್ದೇನೆ.

ಮೂರನೆಯದಕ್ಕೆ ಪ್ರತಿ ತುಂಡಿಗೂ ನಂಬರ್ ಬರೆದೆ. ಒಂದು ಮಳೆಗೆ ಬಣ್ಣ ಅಳಿಸಿತು, ಜೋಡಿಸುವವರು ದಿನವಿಡೀ ನನಗೆ ಫೋನ್ ಮಾಡಿದರು. ಆ ವರ್ಷ ಮಾರಿಕಾಂಬಾ ಜಾತ್ರೆ ಮುಗಿದು ಅಂಗಡಿಗಳನ್ನು ಬಿಚ್ಚುವಾಗ ಹೋಗಿ ನಿಂತು ನೋಡಿದೆ. ಆ ಹುಡುಗರು ನಂಬರ್ ಹುಡುಕುವುದೇ ಇಲ್ಲ. ಕೈಗೆ ಸಿಕ್ಕ ತುಂಡು ಎಲ್ಲಿಗಾದರೂ ಕೂರುತ್ತದೆ.

ಅಲ್ಲಿಂದ ಎಲ್ಲ ಪ್ಯಾನೆಲ್‌ಗಳೂ ಒಂದೇ ಅಳತೆ: ಏಳು ಅಡಿ ಎತ್ತರ, ಮೂರೂವರೆ ಅಗಲ. ಬಾಗಿಲು, ಕಿಟಕಿಯ ಚೌಕಟ್ಟಿಗೂ ಅದೇ ಅಳತೆ, ಅದೇ ತೂತು. ಏಳು ಅಡಿ ಏಕೆಂದರೆ ಟಾಟಾ ಏಸ್‌ನ ತೊಟ್ಟಿ ಅಷ್ಟೇ ಉದ್ದ. ಹದಿನಾಲ್ಕು ಪ್ಯಾನೆಲ್, ಒಂದೊಂದು ಇಪ್ಪತ್ತೆರಡು ಕಿಲೋ ಆಸುಪಾಸು. ಗೋಡೆಗೆ 54 ಬೋಲ್ಟು, ಎಲ್ಲವೂ ಹತ್ತು ಎಂಎಂ. ಅದರ ತಲೆಗೆ ಕೂರುವ 17 ಎಂಎಂ ಪಾನಾ ಎರಡಿದ್ದರೆ ಸಾಕು. ತೂತು ಕೊರೆಯಲು ಕಬ್ಬಿಣದ ಅಚ್ಚು ಮಾಡಿಸಿದ್ದೇನೆ, ಅದರ ಅಳತೆ ಕೇಳಬೇಡಿ.

ತಟ್ಟಿಯನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ಐದಾರು ದಿನ ನೆನೆಸುತ್ತೇನೆ, ಕುಟ್ಟೆ (ಬಿದಿರು ಕೊರೆಯುವ ಹುಳ) ಬಿದ್ದಿಲ್ಲ. ಅದಕ್ಕೆ ಸೇರಿಸುವ ಮೂರನೆಯದು ನನ್ನಲ್ಲೇ ಇರಲಿ. ಈ ಉಪ್ಪು ಮಳೆನೀರಿಗೆ ತೊಳೆದುಹೋಗುತ್ತದೆ, ಹಾಗಾಗಿ ಮಾಡಿನ ಇಳಿಜಾರು ಎರಡೂವರೆ ಅಡಿ ಹೊರಗೆ ಚಾಚಿರಲೇಬೇಕು.

ನಡುವೆ ಸೆಕೆ ತಡೆಯಲು ಮಾಡಿನ ತಗಡಿನ ಕೆಳಗೆ ಅಡಿಕೆ ಹಾಳೆ ಹೊದಿಸಿ ನೋಡಿದೆ. ಬೇಸಿಗೆಯಲ್ಲಿ ಸೊಗಸಾಗಿತ್ತು, ಆಗಸ್ಟ್ ಹೊತ್ತಿಗೆ ಬೂಸ್ಟು ಹಿಡಿಯಿತು, ಇಲಿ ಮರಿ ಹಾಕಿತು. ಈಗ ತಗಡಿನ ಮೇಲೆಯೇ ಸೋಗೆ ಹೊದಿಸುತ್ತೇನೆ. ಗಾಳಿಗೆ ಹಾರದಂತೆ ನೆಲದ ತೊಲೆಗಳ ಮೇಲೆ ಮಣ್ಣು ತುಂಬಿದ ಗೋಣಿಚೀಲ ಹೇರಿ, ಮಾಡಿನ ನಾಲ್ಕೂ ಮೂಲೆಯನ್ನು ತೊಲೆಗೇ ತಂತಿಯಿಂದ ಬಿಗಿಯಬೇಕು. ಒಮ್ಮೆ ಮರೆತೆ, ತಗಡು ತೋಟದಲ್ಲಿ ಸಿಕ್ಕಿತು.

ಈಗ ಒಂದು ಮನೆಗೆ ಖರ್ಚು ಅರವತ್ತೈದು, ಎಪ್ಪತ್ತು ಸಾವಿರ, ಸಾಗಣೆ ಬೇರೆ. ಕಳೆದ ಬಾರಿ ಅಡಿಕೆ ತೋಟದ ಗಂಡ ಹೆಂಡತಿ ಇಬ್ಬರೇ ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರು, ಸಂಜೆ ನಾಲ್ಕಕ್ಕೆ ಒಲೆ ಹೊತ್ತಿತು. ನಾನು ಪೂರ್ವಕ್ಕೆಂದುಕೊಂಡಿದ್ದ ಕಿಟಕಿಯನ್ನು ಆಕೆ ಒಲೆಯ ಪಕ್ಕಕ್ಕೆ ಬೋಲ್ಟು ಹಾಕಿ ಕೂರಿಸಿದ್ದಳು. ಮೇಸ್ತ್ರಿ ತಮ್ಮ ಕೆಲಸಗಾರರಿಗೆ ಎರಡು ಬೇಕೆಂದಿದ್ದಾರೆ. ಮುಂಗಡ ಇನ್ನೂ ಬಂದಿಲ್ಲ.